ಅದರ ಪರವಾಗಿ ಸಹಿ ಹಾಕುವವರು

2023ರ ಡಿಸೆಂಬರ್ ತಿಂಗಳ ಒಂದು ಸಂಜೆ ನಮ್ಮಕ್ಕನ ಮಗಳು ಮನೆಗೆ ಬಂದಳು. ಕಾಫಿ ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ, "ಮಾವ, ನಿಮ್ಮಿಂದ ಒಂದು ಸಣ್ಣ ಉಪಕಾರ ಆಗಬೇಕು" ಎಂದಳು. ಅವಳ ಗಂಡನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತ್ತು. ಮಾರ್ಚ್ ಮೊದಲ ವಾರ ಅಲ್ಲಿ ಹಾಜರಾಗಬೇಕು. ವೀಸಾ, ಮಗನ ಶಾಲೆ, ಇಲ್ಲಿಯ ಮನೆಗೆ ಬಾಡಿಗೆದಾರರು, ಎಲ್ಲಕ್ಕೂ ಒಂದೊಂದು ದಾರಿಯಾಗಿತ್ತು. ದಾರಿ ಕಾಣದೆ ಉಳಿದದ್ದು ಚಿನ್ನಿ ಒಬ್ಬಳೇ.

ಚಿನ್ನಿ ಅವರ ಮನೆಯ ನಾಯಿ. ಜಾತಿನಾಯಿಯೇನಲ್ಲ. ಎಂಟು ವರ್ಷದ ಹಿಂದೆ ಮಳೆಗಾಲದಲ್ಲಿ ಮೋರಿ ಪಕ್ಕ ನಡುಗುತ್ತಾ ಕೂತಿದ್ದ ಕಂದು ಬಣ್ಣದ ಮರಿ. ಎತ್ತಿಕೊಂಡು ಬಂದವಳು ಇವಳೇ. ಆಗಿನ್ನೂ ಅವಳಿಗೆ ಮಗು ಇರಲಿಲ್ಲ. ಈಗ ಏಳು ವರ್ಷದ ಮಗನಿದ್ದಾನೆ. ಅವನ ನೆನಪು ಶುರುವಾದಂದಿನಿಂದ ಚಿನ್ನಿ ಆ ಮನೆಯಲ್ಲಿದ್ದಾಳೆ.

ನಾಯಿಯನ್ನು ವಿಮಾನದಲ್ಲಿ ಪರದೇಶಕ್ಕೆ ಒಯ್ಯುವುದೆಂದರೆ ಟಿಕೆಟ್ ಕೊಂಡು ಹತ್ತಿಸಿದಂತೆ ಅಲ್ಲ ಎಂದು ನನಗೆ ತಿಳಿದದ್ದು ಅಂದೇ. ಯೂರೋಪಿನ ಒಕ್ಕೂಟದ ದೇಶಗಳು ಹುಚ್ಚುನಾಯಿ ರೋಗದ ವಿಚಾರದಲ್ಲಿ ಭಾರತವನ್ನು ತಮ್ಮ ನಂಬಿಕೆಯ ಪಟ್ಟಿಯಲ್ಲಿ ಇಟ್ಟಿಲ್ಲ. ಆದ್ದರಿಂದ ಇಲ್ಲಿಂದ ಹೋಗುವ ನಾಯಿಗೆ ಮೊದಲು ಚರ್ಮದಡಿ ಅಕ್ಕಿಕಾಳಿನಷ್ಟು ದೊಡ್ಡ ಮೈಕ್ರೋಚಿಪ್ ಹಾಕಿಸಬೇಕು. ಅದರಲ್ಲಿ 15 ಅಂಕೆಯ ಒಂದು ಸಂಖ್ಯೆ ಇರುತ್ತದೆ. ಚಿಪ್ ಹಾಕಿದ ಮೇಲೆ ಕೊಟ್ಟ ರೇಬೀಸ್ ಚುಚ್ಚುಮದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಮುಂಚಿನದು ಇಲ್ಲ. ಚುಚ್ಚುಮದ್ದಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಅವರು ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ರೋಗನಿರೋಧಕ ಅಂಶ ಮಿಲಿಲೀಟರಿಗೆ 0.5 ಯೂನಿಟ್ಟಾದರೂ ಇದೆಯೆಂದು ಫಲಿತಾಂಶ ಬರಬೇಕು. ಬಂದರೂ ಹೊರಡುವಂತಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಒಟ್ಟು ನಾಲ್ಕು ತಿಂಗಳು. ಚಿನ್ನಿಗೆ ಮರಿಯಿದ್ದಾಗಿನಿಂದ ವರ್ಷವರ್ಷವೂ ಚುಚ್ಚುಮದ್ದು ಆಗಿದೆ, ಆದರೆ ಚಿಪ್ ಮಾತ್ರ ಇಲ್ಲ.

"ಡಾಕ್ಟರು ನಿಮ್ಮ ಜೊತೆ ಓದಿದವರು. ಚಿಪ್ಪು, ಚುಚ್ಚುಮದ್ದು ಎರಡನ್ನೂ ಹೋದ ತಿಂಗಳೇ ಹಾಕಿದ್ದು ಅಂತ ಪುಸ್ತಕದಲ್ಲಿ ಬರೆದುಕೊಟ್ಟರೆ ಒಂದು ತಿಂಗಳು ಉಳಿಯುತ್ತೆ. ಬೇರೆ ಯಾರು ಹೇಳಿದ್ರೂ ಅವರು ಕೇಳಲ್ಲ. ಅದೇನು ದೊಡ್ಡ ಸುಳ್ಳೂ ಅಲ್ಲ ಮಾವ, ಚುಚ್ಚುಮದ್ದು ನಾವು ತಪ್ಪಿಸೇ ಇಲ್ಲವಲ್ಲ" ಎಂದಳು.

ನನಗೂ ಅದು ದೊಡ್ಡ ಸುಳ್ಳೆಂದು ಅನ್ನಿಸಲಿಲ್ಲ. ಮಾರನೆಯ ದಿನವೇ ಹೋಗಿ ಕೇಳಿದೆ. ಗೆಳೆಯ ಸಿಟ್ಟು ಮಾಡಿಕೊಳ್ಳಲಿಲ್ಲ. ನನ್ನನ್ನು ಕೂರಿಸಿ, "ಈ ಪುಸ್ತಕದಲ್ಲಿ ಬರೆದಿರೋ ಚುಚ್ಚುಮದ್ದು ಈ ನಾಯಿಗೇ ಹಾಕಿದ್ದು ಅಂತ ಯಾರು ಹೇಳ್ತಾರೆ? ನಾಯಿ ಹೇಳುತ್ತಾ? ಕಂದು ಬಣ್ಣದ ನಾಯಿ ಈ ಊರಲ್ಲಿ ಸಾವಿರ ಇವೆ. ಅದಕ್ಕೇ ಮೊದಲು ಚಿಪ್ಪು, ಆಮೇಲೆ ಚುಚ್ಚುಮದ್ದು. ಅದರ ಬಾಯಿ ನಾನು ಕಣಪ್ಪ. ನನ್ನ ಸಹಿ ಸುಳ್ಳಾದರೆ ಅದರ ಬಾಯಲ್ಲಿ ಸುಳ್ಳು ಹೇಳಿಸಿದ ಹಾಗೆ" ಎಂದ.

ಸುಳ್ಳುಸಾಕ್ಷಿ ಹೇಳಬಾರದೆಂಬ ಎಂಟನೆಯ ಕಟ್ಟಳೆಯನ್ನು ನಾವು ಬಾಲ್ಯದಿಂದ ಬಾಯಿಪಾಠ ಮಾಡಿದ್ದೇವೆ. ಮಾತು ಬಾರದ ಜೀವಿಯ ಪರವಾಗಿ ಸಾಕ್ಷಿ ಹೇಳುವ ಸಂದರ್ಭವೂ ಅದರೊಳಗೆ ಸೇರುತ್ತದೆ ಎಂದು ಅದುವರೆಗೆ ನನಗೆ ಹೊಳೆದಿರಲಿಲ್ಲ.

ಇಂಥ ನಿಯಮಗಳನ್ನು ನಾವು ಸಾಮಾನ್ಯವಾಗಿ ಬಿಳಿಯರ ಅಹಂಕಾರ, ಕಚೇರಿಗಳ ಕಾಟ ಎಂದುಕೊಳ್ಳುತ್ತೇವೆ. ಒಂದು ಮಟ್ಟಕ್ಕೆ ಕಾಟ ನಿಜ. ಆದರೆ ಆ ಮೂರು ತಿಂಗಳಿಗೆ ಒಂದು ಕಾರಣವಿದೆ. ಹುಚ್ಚುನಾಯಿ ರೋಗದ ವಿಷಾಣು ಮೈ ಸೇರಿದ ಮೇಲೆ ಸಾಮಾನ್ಯವಾಗಿ ಎರಡು ಮೂರು ತಿಂಗಳು ಸದ್ದಿಲ್ಲದೆ ಕೂತಿರುತ್ತದೆ. ಚುಚ್ಚುಮದ್ದಿಗೆ ಮುಂಚೆಯೇ ಕಚ್ಚಿಸಿಕೊಂಡ ನಾಯಿಯ ರಕ್ತದಲ್ಲೂ ಆಮೇಲೆ ನಿರೋಧಕ ಅಂಶ ಕಾಣಬಹುದು. ನಿಜ ಸಂಗತಿ ತಿಳಿಯಲು ಕಾಯುವುದೊಂದೇ ದಾರಿ. ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನಾಗಲಿ ನಾಯಿಯಾಗಲಿ ಉಳಿಯುವುದು ಇಲ್ಲವೆಂದೇ ಹೇಳಬೇಕು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದು ಅಂದಾಜು. ಅವರಲ್ಲಿ ಮೂರರಲ್ಲಿ ಒಂದು ಪಾಲಿಗೂ ಹೆಚ್ಚು ಮಂದಿ ನಮ್ಮ ದೇಶದವರು. ಸತ್ತವರಲ್ಲಿ ಮಕ್ಕಳ ಸಂಖ್ಯೆ ದೊಡ್ಡದು. ಪಟ್ಟಿಯಲ್ಲಿ ನಮ್ಮ ದೇಶ ಏಕಿಲ್ಲ ಎಂದು ಸಿಡಿಮಿಡಿಗೊಳ್ಳುವ ಮೊದಲು ಈ ಲೆಕ್ಕವನ್ನು ನೋಡಬೇಕು.

ಬ್ರಿಟನ್ 1902ರ ಹೊತ್ತಿಗೆ ಈ ರೋಗವನ್ನು ತನ್ನ ನೆಲದಿಂದ ಅಳಿಸಿಹಾಕಿತ್ತು. 1918ರಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರು ಫ್ರಾನ್ಸಿನ ಕಡೆಯಿಂದ ನಾಯಿಗಳನ್ನು ಗುಟ್ಟಾಗಿ ತಂದದ್ದೇ ಅದಕ್ಕೆ ಕಾರಣವೆಂದು ಹೇಳುತ್ತಾರೆ. ರೋಗವನ್ನು ಪುನಃ ಓಡಿಸುವಷ್ಟರಲ್ಲಿ 1922 ಬಂತು. ಆ ಸೈನಿಕರು ಕೆಟ್ಟವರಲ್ಲ. ಕಂದಕದ ಕೆಸರಿನಲ್ಲಿ ತಮ್ಮ ಜೊತೆ ಮಲಗಿದ್ದ ಜೀವವನ್ನು ಬಿಟ್ಟುಬರಲಾಗದೆ ಕೋಟಿನೊಳಗೆ ಮುಚ್ಚಿಟ್ಟುಕೊಂಡು ತಂದರು ಎಂದು ನಾನು ಊಹಿಸಿಕೊಳ್ಳುತ್ತೇನೆ. 2015ರಲ್ಲಿ ಈಜಿಪ್ಟಿನಿಂದ ಅಮೆರಿಕಕ್ಕೆ ಕೆಲವು ಅನಾಥ ನಾಯಿಗಳನ್ನು ತಂದವರೂ ದಯಾಳುಗಳೇ. ಅವುಗಳಲ್ಲಿ ಒಂದಕ್ಕೆ ಕಾಲು ಮುರಿದಿತ್ತು. ಕೆಲವೇ ದಿನಗಳಲ್ಲಿ ಅದಕ್ಕೆ ರೇಬೀಸ್ ಇದೆಯೆಂದು ಗೊತ್ತಾಯಿತು. ಚುಚ್ಚುಮದ್ದಿನ ಪ್ರಮಾಣಪತ್ರ ಸುಳ್ಳಾಗಿತ್ತು. ಅದನ್ನು ಮುಟ್ಟಿದ್ದವರನ್ನೆಲ್ಲ ಹುಡುಕಿ ಚುಚ್ಚುಮದ್ದು ಕೊಡಬೇಕಾಯಿತು. ಇಂಥವು ಮರುಕಳಿಸಿದ್ದರಿಂದಲೇ ಅಮೆರಿಕ 2021ರಲ್ಲಿ ಭಾರತವೂ ಸೇರಿದಂತೆ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳಿಗೆ ಬಾಗಿಲು ಹಾಕಿತು. 2024ರ ಆಗಸ್ಟಿನಿಂದ ಬಿಗಿಯಾದ ಹೊಸ ನಿಯಮ ತಂದಿತು. ಯಾರೋ ಒಬ್ಬ ವೈದ್ಯ ಉಪಕಾರಕ್ಕೆಂದು ಬರೆದುಕೊಟ್ಟ ತಾರೀಕಿಗೆ, ಮುಂದೆ ಪ್ರಾಮಾಣಿಕವಾಗಿ ಕಾದ ಸಾವಿರಾರು ಮಂದಿ ಬೆಲೆ ತೆರುತ್ತಾರೆ.

ನಾನು ಕೇಳಹೋದದ್ದೂ ಅಂಥ ಉಪಕಾರವನ್ನೇ.

ಅಂದಿನ ದಿನಾಂಕದಲ್ಲೇ ಚಿಪ್ ಹಾಕಿಸಿದ್ದಾಯಿತು. ಮಾರ್ಚ್‌ನಲ್ಲಿ ಅವರು ಮೂವರೂ ಹೊರಟರು. ಚಿನ್ನಿ ನಮ್ಮ ಮನೆಗೆ ಬಂದಳು. ಎರಡು ತಿಂಗಳಾದ ಮೇಲೆ ಅವಳನ್ನು ಕರೆದೊಯ್ಯಲು ಅಕ್ಕನ ಮಗಳೇ ಬರುವುದೆಂದು ಮಾತಾಯಿತು. ಸಾಕುಪ್ರಾಣಿ ಪ್ರಯಾಣ ಮಾಡುವ ದಿನಕ್ಕೂ ಯಜಮಾನರು ಪ್ರಯಾಣ ಮಾಡುವ ದಿನಕ್ಕೂ ನಡುವೆ ಐದು ದಿನಕ್ಕಿಂತ ಹೆಚ್ಚು ಅಂತರ ಇರಬಾರದೆಂಬುದು ಯೂರೋಪಿನ ಇನ್ನೊಂದು ನಿಯಮ.

ಈ ವಿಷಯದಲ್ಲಿ ಯಾರಿಗಾದರೂ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ. ಏಕೆಂದು ಹೇಳಿಬಿಡುತ್ತೇನೆ. 1993ರಲ್ಲಿ ನಾನು ಕೆಲಸಕ್ಕೆಂದು ಮಸ್ಕತ್ತಿಗೆ ಹೋದೆ. ಹಾಸನದ ಹತ್ತಿರದ ನಮ್ಮ ಊರಿನ ಮನೆಯಲ್ಲಿ ಕಾಳ ಎಂಬ ನಾಯಿಯಿತ್ತು. ನಾನು ಸಾಕಿದ್ದು, ನನ್ನ ಕೈಯಿಂದಲ್ಲದೆ ಬೇರೆಯವರು ಹಾಕಿದರೆ ತಿನ್ನುತ್ತಿರಲಿಲ್ಲ. ಅದನ್ನು ಜೊತೆಗೆ ಒಯ್ಯುವ ಯೋಚನೆ ಆ ಕಾಲದಲ್ಲಿ ಯಾರಿಗೂ ಬರುವಂಥದ್ದಲ್ಲ. ಅದಕ್ಕೆ ನನ್ನಲ್ಲಿ ಪಶ್ಚಾತ್ತಾಪವೂ ಇಲ್ಲ. ಆದರೆ ಹೊರಡುವ ಮೊದಲು ಅದಕ್ಕೆ ಯಾರು ಅನ್ನ ಹಾಕಬೇಕು, ಯಾರ ಕೈಯನ್ನು ಅದಕ್ಕೆ ರೂಢಿ ಮಾಡಿಸಬೇಕು ಎಂದು ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಅಮ್ಮನಿಗೆ ಬರೆದ ಕಾಗದಗಳಲ್ಲಿ ಹಸು ಕರು ಹಾಕಿತೇ ಎಂದು ಕೇಳಿದ್ದೇನೆ. ಕಾಳನ ಹೆಸರು ಬರೆದಿಲ್ಲ. ಆರು ತಿಂಗಳ ಮೇಲೆ ಅಮ್ಮನೇ ಒಂದು ಸಾಲು ಬರೆದರು: ಕಾಳ ಎರಡು ತಿಂಗಳಿಂದ ಮನೆ ಕಡೆ ಬಂದಿಲ್ಲ. ಆ ಸಾಲನ್ನು ಓದಿ ನಾನು ಮುಂದಿನ ಸಾಲಿಗೆ ಹೋದೆ. ಮುಂದಿನ ಸಾಲು ಕಾಫಿಯ ಬೆಲೆಯದು.

1960ರ ಪ್ರಾಣಿಹಿಂಸೆ ತಡೆ ಕಾಯಿದೆಯಲ್ಲಿ, ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ನೀರಡಿಕೆಗೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲಕ್ಕೆ ಅದರಲ್ಲಿ ಬರೆದ ದಂಡ 10ರಿಂದ 50 ರೂಪಾಯಿ. ಅದನ್ನು ಕಟ್ಟಲು ನನ್ನನ್ನು ಯಾರೂ ಕರೆಯಲಿಲ್ಲ.

ಚಿನ್ನಿಯ ಪ್ರಯಾಣಕ್ಕೆ ರಕ್ತ ಪರೀಕ್ಷೆ, ಪೆಟ್ಟಿಗೆ, ಪತ್ರಗಳು, ವಿಮಾನದ ಬಾಡಿಗೆ, ಜೊತೆಗೆ ಕರೆದೊಯ್ಯಲು ಬಂದುಹೋಗುವವಳ ಟಿಕೆಟ್ಟು ಎಲ್ಲ ಸೇರಿ ಮೂರು ಲಕ್ಷದ ಹತ್ತಿರ ಬಂತು. ನನ್ನ ತಮ್ಮ ನಮ್ಮ ಧರ್ಮಕೇಂದ್ರದಲ್ಲಿ ಬಡಮಕ್ಕಳ ಓದಿಗೆ ಹಣ ಕೂಡಿಸುವವನು. ಲೆಕ್ಕ ಕೇಳಿ ಅವನು ಎದ್ದು ನಿಂತುಬಿಟ್ಟ. "ಹಾಸ್ಟೆಲ್ ಫೀಸು ಕಟ್ಟೋಕಾಗದೆ ಎರಡು ಹೆಣ್ಣುಮಕ್ಕಳು ಓದು ಬಿಡೋ ಹಾಗಿದ್ದಾರೆ. ಇಲ್ಲಿ ಬೀದಿನಾಯಿಗೆ ಮೂರು ಲಕ್ಷ!" ನನ್ನ ಹೆಂಡತಿ ಅಡುಗೆಮನೆಯಿಂದಲೇ, "ಅವರ ಸೋಫಾ ಹಡಗಲ್ಲಿ ಹೋದಾಗ ಯಾರೂ ಈ ಲೆಕ್ಕ ಕೇಳಲಿಲ್ಲ" ಎಂದಳು. ಎಲ್ಲರೂ ನಕ್ಕರು. ಮಾತು ಚುರುಕಾಗಿತ್ತು, ಆದರೆ ಉತ್ತರವಾಗಿರಲಿಲ್ಲ. ಒಂದು ದುಂದು ಇನ್ನೊಂದು ದುಂದಿಗೆ ಸಮರ್ಥನೆಯಾಗುವುದಿಲ್ಲ.

ತಮ್ಮನ ಬೆನ್ನಿಗೆ ಧರ್ಮಸಭೆಯ ಬೋಧನೆಯೂ ಇದೆ. 1992ರ ಕೆಟೆಕಿಸಂ ಒಂದೇ ಕಡೆ ಎರಡು ಮಾತನ್ನೂ ಹೇಳುತ್ತದೆ. ಪ್ರಾಣಿಗಳನ್ನು ಅನವಶ್ಯಕವಾಗಿ ನೋಯಿಸುವುದು ಮನುಷ್ಯನ ಘನತೆಗೆ ತಕ್ಕುದಲ್ಲ. ಮನುಷ್ಯರ ಸಂಕಟ ನೀಗಲು ಮೊದಲು ಸಲ್ಲಬೇಕಾದ ಹಣವನ್ನು ಅವುಗಳಿಗೆ ಸುರಿಯುವುದೂ ತಕ್ಕುದಲ್ಲ. ನಮ್ಮಲ್ಲಿ ನಾಯಿ ಪ್ರಿಯರು ಮೊದಲ ಮಾತನ್ನು ಹಿಡಿಯುತ್ತಾರೆ, ಉಳಿದವರು ಎರಡನೆಯದನ್ನು. ಎರಡನ್ನೂ ಒಟ್ಟಿಗೆ ಹಿಡಿದರೆ ಕೈ ಸುಡುತ್ತದೆ.

ನಾನು ಬಹಳ ದಿನ ಯೋಚಿಸಿ ತಮ್ಮನಿಗೆ ಹೇಳಿದ್ದು ಇಷ್ಟು. ಮೋರಿ ಪಕ್ಕದಿಂದ ಮರಿಯನ್ನು ಎತ್ತಿಕೊಂಡ ದಿನ ಅವಳು ಒಂದು ಸಾಲ ಮಾಡಿದಳು. ಆ ಮರಿ ಬೀದಿಯಲ್ಲಿ ಬದುಕುವ ವಿದ್ಯೆಯನ್ನು ಕಲಿಯದಂತೆ ಎಂಟು ವರ್ಷ ನೋಡಿಕೊಂಡಳು. ಈಗ ಬೀದಿಗೆ ಬಿಟ್ಟರೆ ಮೊದಲಿಗಿಂತ ಕಷ್ಟಕ್ಕೆ ಬಿಟ್ಟಂತೆ. ದಾನಕ್ಕೂ ಸಾಲಕ್ಕೂ ವ್ಯತ್ಯಾಸವಿದೆ. ಸಾಲಗಾರನಿಗೆ ಸಲ್ಲಬೇಕಾದ್ದನ್ನು ತೆಗೆದು ದಾನ ಮಾಡುವುದು ದೊಡ್ಡತನವಲ್ಲ. ತಮ್ಮ ಸುಮ್ಮನೆ ಕೇಳಿಸಿಕೊಂಡ. ಕೊನೆಗೆ, "ಸಾಲ ಇರೋದು ಅದನ್ನ ಚೆನ್ನಾಗಿ ನೋಡಿಕೊಳ್ಳೋಕೆ. ವಿಮಾನ ಹತ್ತಿಸೋಕಲ್ಲ" ಎಂದ.

ಅವನು ಹೇಳಿದ್ದು ಸರಿ. ಚಿನ್ನಿಗೆ ಇಲ್ಲೇ ಒಳ್ಳೆಯ ಬಾಳು ಸಿಗುವಂತಿದ್ದರೆ, ವಿಮಾನದ ಹಣ ಅವಳಿಗಾಗಿ ಅಲ್ಲ, ನಮ್ಮವರ ಮನಸ್ಸಿನ ಸಮಾಧಾನಕ್ಕಾಗಿ. ಆಗ ಆ ಇಬ್ಬರು ಹೆಣ್ಣುಮಕ್ಕಳ ಹಕ್ಕು ದೊಡ್ಡದಾಗುತ್ತದೆ. ಈ ಮಾತು ನನ್ನನ್ನು ಕಾಡಲು ಕಾರಣವಿತ್ತು. ಮೊದಲ ಎರಡು ವಾರ ಬಾಗಿಲ ಬಳಿಯೇ ಮಲಗುತ್ತಿದ್ದ ಚಿನ್ನಿ ಏಪ್ರಿಲ್ ಹೊತ್ತಿಗೆ ನಮ್ಮ ಮನೆಗೆ ಒಗ್ಗಿಕೊಂಡಿದ್ದಳು. ಬೆಳಿಗ್ಗೆ ನನ್ನ ಜೊತೆ ಹಾಲಿಗೆ ಬರುತ್ತಿದ್ದಳು. ನಾವು ಉಳಿಸಿಕೊಳ್ಳಬಹುದಿತ್ತೇ? ನನಗೆ ಅರವತ್ತು ದಾಟಿದೆ, ಹೆಂಡತಿಯ ಮೊಣಕಾಲು ಅವಳ ಮಾತು ಕೇಳುವುದಿಲ್ಲ. ಆದರೂ ಮನಸ್ಸು ಮಾಡಿದ್ದರೆ ಆಗುತ್ತಿತ್ತು. ಮೇ ತಿಂಗಳಲ್ಲಿ ಅಕ್ಕನ ಮಗಳು ಗೇಟು ತೆರೆದು ಒಳಗೆ ಬಂದಾಗ ಚಿನ್ನಿ ಮಾಡಿದ ಸದ್ದು ಬೊಗಳಿದ್ದೂ ಅಲ್ಲ, ಅತ್ತದ್ದೂ ಅಲ್ಲ. ಆಮೇಲೆ ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿದವಳು ರಾತ್ರಿ ಊಟಕ್ಕೂ ಏಳಲಿಲ್ಲ. ನಾನು ನನ್ನ ಪ್ರಶ್ನೆಯನ್ನು ಅಲ್ಲಿಗೆ ಬಿಟ್ಟೆ.

ಕಾಯುವ ತಿಂಗಳುಗಳು ಒಂದು ರೀತಿಯಲ್ಲಿ ಒಳ್ಳೆಯದನ್ನೇ ಮಾಡಿದವು. ವಿಮಾನ ಕಂಪನಿಗಳ ಸಂಘದ ನಿಯಮದಂತೆ ನಾಯಿಯ ಪೆಟ್ಟಿಗೆ, ಅದು ತಲೆ ತಾಗದೆ ನಿಲ್ಲುವಷ್ಟು, ಸುತ್ತ ತಿರುಗುವಷ್ಟು, ಕಾಲು ಚಾಚಿ ಮಲಗುವಷ್ಟು ದೊಡ್ಡದಿರಬೇಕು. ಆ ಪೆಟ್ಟಿಗೆಯನ್ನು ಮಾರ್ಚಿಯಲ್ಲೇ ತಂದು ಬಾಗಿಲು ತೆಗೆದು ನಡುಮನೆಯಲ್ಲಿ ಇಟ್ಟೆವು. ಒಳಗೊಂದು ಹಳೆಯ ಸೀರೆ ಹಾಸಿದೆವು. ಮೊದಲು ಮೂಸಿ ಹೋಗುತ್ತಿದ್ದಳು. ಆಮೇಲೆ ತಟ್ಟೆಯನ್ನು ಅದರೊಳಗೆ ಇಟ್ಟೆವು. ಒಂದು ತಿಂಗಳಲ್ಲಿ ಮಧ್ಯಾಹ್ನದ ನಿದ್ದೆ ಅಲ್ಲೇ ಆಯಿತು. "ಒಂದು ನಿದ್ದೆ ಮಾತ್ರೆ ಕೊಟ್ಟರಾಯಿತು, ಇಷ್ಟೆಲ್ಲ ಯಾಕೆ?" ಎಂದು ಹೆಂಡತಿ ಡಾಕ್ಟರನ್ನು ಕೇಳಿದಾಗ ಅವರು ಬೇಡವೇ ಬೇಡ ಎಂದರು. ಮಂಪರಿನ ಔಷಧ ಕೊಟ್ಟ ಪ್ರಾಣಿಗೆ ಮೇಲೆ ಹಾರುವಾಗ ಉಸಿರಾಟ, ರಕ್ತದೊತ್ತಡ ಏರುಪೇರಾಗಬಹುದು. ನೋಡಿಕೊಳ್ಳಲು ಅಲ್ಲಿ ಯಾರೂ ಇರುವುದಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ನಾಯಿಗಳನ್ನು ಹಲವು ಕಂಪನಿಗಳು ಒಯ್ಯುವುದೇ ಇಲ್ಲ. ಅಮೆರಿಕದ ಸಾರಿಗೆ ಇಲಾಖೆ 2010ರಲ್ಲಿ ಹಿಂದಿನ ಐದು ವರ್ಷದ ಲೆಕ್ಕ ತೆಗೆದಾಗ ವಿಮಾನ ಪ್ರಯಾಣದಲ್ಲಿ ಸತ್ತ ನಾಯಿಗಳಲ್ಲಿ ಸುಮಾರು ಅರ್ಧದಷ್ಟು ಇಂಥವೇ ಇದ್ದವು. ಮುದ್ದಾಗಿ ಕಾಣಲೆಂದು ಮನುಷ್ಯ ಅದರ ಮೂಗನ್ನು ತಲೆಮಾರುಗಳ ಕಾಲ ಒತ್ತುತ್ತಾ ಬಂದ. ಈಗ ಅದಕ್ಕೆ ಉಸಿರಾಡಲು ಕಷ್ಟ.

ತೊಬಿತನ ಗ್ರಂಥದಲ್ಲಿ ಒಂದು ನಾಯಿ ಬರುತ್ತದೆ. ಯುವಕ ತೊಬಿಯಾಸ ನಿನೆವೆಯಿಂದ ಮೇದ್ಯ ದೇಶಕ್ಕೆ ಹೊರಟಾಗ, ಮನುಷ್ಯರೂಪದ ರಫಾಯೇಲ ದೂತನ ಜೊತೆಗೆ ಆ ನಾಯಿಯೂ ಹೊರಡುತ್ತದೆ. ಹಿಂತಿರುಗುವಾಗ ಮತ್ತೆ ಕಾಣಿಸುತ್ತದೆ. ಅದರ ಹೆಸರನ್ನಾಗಲಿ ಅದು ಮಾಡಿದ ಕೆಲಸವನ್ನಾಗಲಿ ಹೇಳಿಲ್ಲ. ಚಿಕ್ಕಂದಿನಲ್ಲಿ ಅದನ್ನು ಕೇಳಿ ಸಂತೋಷಪಟ್ಟಿದ್ದೆ. ಈಗ ಬೇರೊಂದು ಸಂಗತಿ ಕಾಣುತ್ತದೆ. ಆ ನಾಯಿ ತನ್ನ ಕಾಲಲ್ಲಿ ನಡೆದುಹೋಯಿತು. ಬೇಡವೆನಿಸಿದ್ದರೆ ಊರ ಗಡಿಯಲ್ಲಿ ನಿಂತು ಹಿಂದಕ್ಕೆ ಹೊರಳಬಹುದಿತ್ತು. ಪೆಟ್ಟಿಗೆಯಲ್ಲಿ ಕೂತ ನಾಯಿಗೆ ಆ ಸ್ವಾತಂತ್ರ್ಯವಿಲ್ಲ. ಬಾಗಿಲು ತೆರೆದಿಟ್ಟು ಅದಾಗಿ ಒಳಗೆ ಹೋಗುವವರೆಗೆ ಕಾಯುವುದು, ಅದರ ಒಪ್ಪಿಗೆ ಕೇಳುವುದಕ್ಕೆ ನಮಗಿರುವ ಒಂದು ಬಡ ದಾರಿ. ಅವಸರದಲ್ಲಿರುವವರಿಗೆ ಆ ದಾರಿಯೂ ಇಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗೆ ಸೂಟ್‌ಕೇಸಿಗೆ ಅಂಟಿಸುವಂಥದೇ ಉದ್ದನೆಯ ಚೀಟಿ ಅಂಟಿಸಿದರು. ನನಗೆ ಕಸಿವಿಸಿಯಾಯಿತು. ಆದರೆ ಕಾನೂನಿಗೆ ಬೇರೆ ಹೆಸರು ಗೊತ್ತಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ವಿಮಾನ ಒಯ್ಯುವುದು ಪ್ರಯಾಣಿಕರನ್ನು, ಅವರ ಸಾಮಾನನ್ನು ಮತ್ತು ಸರಕನ್ನು. 2019ರಲ್ಲಿ ಬ್ಯೂನಸ್ ಐರಿಸ್ ನಿಲ್ದಾಣದಲ್ಲಿ ಬಾರ್ಸಿಲೋನಾ ವಿಮಾನಕ್ಕೆ ಒಯ್ಯುತ್ತಿದ್ದ ನಾಯಿಯೊಂದು ತಪ್ಪಿಸಿಕೊಂಡು ಓಡಿತು; ಮತ್ತೆ ಸಿಗಲಿಲ್ಲ. ಯಜಮಾನಿ ತನ್ನ ಮನಸ್ಸಿನ ನೋವಿಗೆ 5,000 ಯೂರೋ ಕೇಳಿದಳು. ಯೂರೋಪಿನ ನ್ಯಾಯಾಲಯ 2025ರ ಅಕ್ಟೋಬರಿನಲ್ಲಿ, ಪರಿಹಾರದ ಮಟ್ಟಿಗೆ ನಾಯಿಯೂ ಸಾಮಾನೇ ಎಂದಿತು. ಆದರೆ ಸಾಗಿಸುವಾಗ ಅದರ ಕ್ಷೇಮ ನೋಡಲೇಬೇಕು ಎಂದೂ ಸೇರಿಸಿತು. ಜನ ಅದನ್ನು ಕ್ರೂರ ತೀರ್ಪು ಎಂದರು. ನನಗೆ ಹಾಗೆ ಅನ್ನಿಸುವುದಿಲ್ಲ. ಕಾನೂನು ಅದನ್ನು ಸಾಮಾನು ಎಂದು ಕರೆದರೂ ನಾವು ಹಾಗೆ ನಡೆಸಿಕೊಳ್ಳಬೇಕೆಂದೇನೂ ಇಲ್ಲ. ಕಾಳನನ್ನು ಯಾವ ಕಾನೂನೂ ಸಾಮಾನು ಎಂದಿರಲಿಲ್ಲ.

ಹೋದ ವರ್ಷ, 2025ರಲ್ಲಿ, ನಮ್ಮ ಪಕ್ಕದ ಮನೆಯ ಹಿರಿಯ ದಂಪತಿ ಮೆಲ್ಬೋರ್ನಿನ ಮಗನ ಹತ್ತಿರ ಶಾಶ್ವತವಾಗಿ ಹೋಗುವುದೆಂದು ನಿಶ್ಚಯವಾಯಿತು. ಚಿನ್ನಿಯ ಕಥೆ ಬೀದಿಗೆಲ್ಲ ಗೊತ್ತಿದ್ದರಿಂದ ಅವರು ಕಾಗದ ಪೆನ್ನು ಹಿಡಿದು ನನ್ನಲ್ಲಿಗೇ ಬಂದರು. ಅವರ ಸ್ವೀಟಿ ಹದಿಮೂರು ವರ್ಷದ ಪಾಮೆರೇನಿಯನ್. ಒಂದು ಕಣ್ಣು ಮಂಜು. ಆಸ್ಟ್ರೇಲಿಯದಲ್ಲಿ ಹುಚ್ಚುನಾಯಿ ರೋಗವೇ ಇಲ್ಲ. ಹಾಗಾಗಿ ಅಲ್ಲಿಯ ನಿಯಮ ಇನ್ನೂ ಕಠಿಣ. ಭಾರತದಿಂದ ನಾಯಿ ನೇರವಾಗಿ ಹೋಗುವಂತಿಲ್ಲ. ಅವರು ಒಪ್ಪಿದ ಮೂರನೆಯ ದೇಶವೊಂದರಲ್ಲಿ 180 ದಿನ ಇದ್ದು, ಅಲ್ಲಿಂದ ಹೋಗಿ, ಮೆಲ್ಬೋರ್ನಿನ ಸರ್ಕಾರಿ ಕ್ವಾರಂಟೈನ್ ಕೇಂದ್ರದಲ್ಲಿ ಕನಿಷ್ಠ 10 ದಿನ, ಕೆಲವು ಸಂದರ್ಭದಲ್ಲಿ 30 ದಿನ ಕಳೆಯಬೇಕು. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ದಂಪತಿ ಎರಡು ಪುಟ್ಟ ನಾಯಿಗಳನ್ನು ಹೇಳದೆ ಕೇಳದೆ ಖಾಸಗಿ ವಿಮಾನದಲ್ಲಿ ಅಲ್ಲಿಗೆ ಒಯ್ದಾಗ, ಅವನ್ನು ವಾಪಸು ಕಳಿಸಿ, ಇಲ್ಲವಾದರೆ ಕೊಲ್ಲಬೇಕಾಗುತ್ತದೆ ಎಂದು ಅಲ್ಲಿಯ ಮಂತ್ರಿ ಹೇಳಿದ್ದು ದೊಡ್ಡ ಸುದ್ದಿಯಾಗಿತ್ತು.

"ಎಷ್ಟಾದರೂ ಖರ್ಚು ಮಾಡ್ತೀವಿ" ಎಂದರು ಆ ತಾಯಿ. ಮಾಡುವವರೇ; ಮಗ ಚೆನ್ನಾಗಿ ಸಂಪಾದಿಸುತ್ತಾನೆ. ನಾನು ಕೇಳಿದೆ, "ಆ 180 ದಿನ ಸ್ವೀಟಿ ಯಾರ ಹತ್ತಿರ ಇರುತ್ತಾಳಮ್ಮ?" ಗುರುತಿಲ್ಲದ ದೇಶದ ದುಡ್ಡಿನ ಆಶ್ರಯದಲ್ಲಿ, ಗುರುತಿಲ್ಲದ ಕೈಗಳಲ್ಲಿ. ಹದಿಮೂರು ವರ್ಷದ ನಾಯಿಗೆ ಆರು ತಿಂಗಳೆಂದರೆ ಉಳಿದ ಆಯುಸ್ಸಿನ ಎಷ್ಟು ಪಾಲು? ಅವರು ಉತ್ತರ ಹೇಳಲಿಲ್ಲ. ಅವರ ಮನೆಯಲ್ಲಿ ಹನ್ನೊಂದು ವರ್ಷದಿಂದ ಪಾತ್ರೆ ತೊಳೆದು, ಸ್ವೀಟಿಗೆ ಅನ್ನ ಕಲಸಿ ಹಾಕುತ್ತಿದ್ದಾಕೆ ಎರಡು ಬೀದಿ ಆಚೆ ಇದ್ದಾಳೆ. ಆಕೆಯನ್ನು ಯಾರೂ ಕೇಳಿರಲಿಲ್ಲ. ಕೇಳಿದಾಗ, "ನಾನೇ ಕೇಳೋಣ ಅಂತಿದ್ದೆ, ಬಾಯಿ ಬರಲಿಲ್ಲ" ಎಂದಳಂತೆ. ಸ್ವೀಟಿಯ ಊಟ ಔಷಧಕ್ಕೆಂದು ತಿಂಗಳು ತಿಂಗಳು ಹಣ ಬರುತ್ತದೆ. ಉಳಿದ ಹಣ ಏನಾಯಿತೆಂದು ನಾನು ವಿಚಾರಿಸಿಲ್ಲ. ನನ್ನ ತಮ್ಮನ ರಸೀದಿ ಪುಸ್ತಕದಲ್ಲಿ ಅವರ ಹೆಸರನ್ನು ಒಮ್ಮೆ ನೋಡಿದೆ.

ಪ್ರತಿ ಭಾನುವಾರ ಮಧ್ಯಾಹ್ನ ಆ ತಾಯಿ ನನಗೆ ಫೋನು ಮಾಡುತ್ತಾರೆ. ಪೂಜೆ ಮುಗಿಸಿ ಬರುವ ದಾರಿಯಲ್ಲಿ ನಾನು ಒಂದು ಸುತ್ತು ಹೋಗಿ ನೋಡಿಬಂದಿರಬೇಕೆಂದು ನಮ್ಮಲ್ಲಿ ಒಪ್ಪಂದ. ಹಸಿವು ಹೇಗಿದೆ, ಕಣ್ಣಿಗೆ ಔಷಧ ಬಿಟ್ಟರೇ, ರಾತ್ರಿ ಎಲ್ಲಿ ಮಲಗುತ್ತದೆ ಎಂದು ಒಂದೊಂದಾಗಿ ಕೇಳುತ್ತಾರೆ. ಮೊನ್ನೆ ಹೋದಾಗ ಸ್ವೀಟಿ ನನ್ನನ್ನು ಕಂಡು ಏಳಲಿಲ್ಲ. ಆಕೆ ಒಳಗಿನಿಂದ ತಟ್ಟೆ ಸದ್ದು ಮಾಡಿದಾಗ ಎದ್ದು, ಗೋಡೆ ಸವರಿಕೊಂಡು ಒಳಗೆ ಹೋಯಿತು. ಅದನ್ನು ಹಾಗೆಯೇ ಫೋನಿನಲ್ಲಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅನ್ನಕ್ಕೆ ಏನು ಕಲಸಿದ್ದಳು?" ಎಂದು ಕೇಳಿದರು.